ರೆಕ್ಕೆಗೆ ಬಿಸಿಗಾಳಿಯ ಆಸರೆ

ಬಿಸಿಯಾದ ಗಾಳಿ ಹಿಗ್ಗಿ ಹಗುರವಾಗುತ್ತದೆ. ಹಗುರವಾದ ಗಾಳಿ ಮೇಲಕ್ಕೇರುತ್ತದೆ. ಒಲೆಯ ಹೊಗೆಯಿಂದ ಮೊದಲುಗೊಂಡು, ಬೇಸಗೆಯ ನಡುಹಗಲಿನಲ್ಲಿ ಬಯಲಿನ ತರಗೆಲೆಗಳನ್ನು ಸುತ್ತಿಸಿ ಎತ್ತುವ ಸುಳಿಗಾಳಿಯವರೆಗೆ ಈ ಸಂಗತಿಯನ್ನು ನಾವು ನಿತ್ಯವೂ ಕಾಣುತ್ತಿರುತ್ತೇವೆ. ಮನುಷ್ಯನು ಮೊತ್ತಮೊದಲು ನೆಲವನ್ನು ಬಿಟ್ಟು ಆಕಾಶದಲ್ಲಿ ಸ್ವಚ್ಛಂದವಾಗಿ ತೇಲಿದುದೂ ಇದರ ಬಲದಿಂದಲೇ. ಫ್ರಾನ್ಸಿನ ಮಾಂಗೋಲ್ಫಿಯೇ ಸೋದರರು ನಿರ್ಮಿಸಿದ ಬಿಸಿಗಾಳಿಯ ಬೆಲೂನು ೧೭೮೩ ರ ನವೆಂಬರ್ ೨೧ ರಂದು ಇಬ್ಬರನ್ನು ಹೊತ್ತು ಪ್ಯಾರಿಸ್ ನಗರದ ಮೇಲೆ ಸಾಗಿತು.

ಅನಂತರ ವಿಮಾನ ಬಂದಿತು. ವಿಮಾನವು ತನ್ನ ಹಗುರತನದಿಂದ ಹಾರುವ ಯಂತ್ರವಲ್ಲ. ವೇಗವಾಗಿ ಮುನ್ನುಗ್ಗಿ, ರೆಕ್ಕೆಯ ಸುತ್ತ ಗಾಳಿಯನ್ನು ಹರಿಯಿಸಿ, ಆ ಪ್ರವಾಹದಿಂದ ಮೇಲೆತ್ತುವ ಬಲವನ್ನು ಪಡೆಯುವ ಯಂತ್ರ. ಅಲ್ಲಿಗೆ ಆಕಾಶಯಾನದಲ್ಲಿ ಬಿಸಿಗಾಳಿಯ ಪಾತ್ರವು ಮುಗಿಯಿತೆಂದು ಯಾರಿಗಾದರೂ ತೋರಬಹುದು. ಆದರೆ ಅದು ಮುಗಿಯಲಿಲ್ಲ. ರೆಕ್ಕೆಯ ಮೇಲಿನ ಪ್ರವಾಹವು ದಾರಿ ತಪ್ಪದಂತೆ ಅದನ್ನು ಹತೋಟಿಯಲ್ಲಿಡುವ ಹೊಸ ಊಳಿಗಕ್ಕೆ ಬಿಸಿಗಾಳಿಯು ಮತ್ತೆ ನೇಮಕವಾಗಿದೆ. ಈ ಊಳಿಗದ ಸ್ವರೂಪವೇನು, ಅದರಿಂದ ದೊರೆಯುವ ಲಾಭವೆಷ್ಟು, ಅದಕ್ಕೆ ತೆರಬೇಕಾದ ಬೆಲೆಯೆಷ್ಟು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಸೋತ ಗಾಳಿ

ರೆಕ್ಕೆಯ ಮೇಲೆ ಗಾಳಿಯು ಸೆಕೆಂಡಿಗೆ ನೂರಾರು ಮೀಟರು ವೇಗದಲ್ಲಿ ಹರಿಯುತ್ತಿದ್ದರೂ, ಲೋಹದ ಮೈಗೆ ತಗುಲಿಕೊಂಡೇ ಇರುವ ಗಾಳಿಯು ಚಲಿಸುವುದೇ ಇಲ್ಲ. ಅದು ರೆಕ್ಕೆಗೆ ಅಂಟಿಕೊಂಡಿರುತ್ತದೆ. ಗಾಳಿಗೂ ಎಣ್ಣೆಯಂತೆ, ಆದರೆ ಅತ್ಯಲ್ಪ ಪ್ರಮಾಣದಲ್ಲಿ, ಸ್ನಿಗ್ಧತೆ ಎಂಬ ಗುಣವಿರುವುದೇ ಇದಕ್ಕೆ ಕಾರಣ. ಅಂಟಿ ನಿಂತ ಗಾಳಿಯು ತನ್ನ ಮೇಲಿನದನ್ನು ತಡೆಯುತ್ತದೆ, ಅದು ತನ್ನ ಮೇಲಿನದನ್ನು ತಡೆಯುತ್ತದೆ. ಹೀಗೆ ಮೈಯಿಂದ ಮೇಲೆ ಹೋದಂತೆಲ್ಲ ವೇಗವು ಹೆಚ್ಚುತ್ತ, ಸ್ವಲ್ಪ ದೂರದಲ್ಲಿ ಪೂರ್ಣ ವೇಗವನ್ನು ಮುಟ್ಟುತ್ತದೆ. ಈ ನಡುವಣ ತೆಳುವಾದ ಪದರಕ್ಕೆ ಸೀಮಾಪದರವೆಂದು ಹೆಸರು. ರೆಕ್ಕೆಯ ಮುಂದಿನ ಅಂಚಿನ ಹತ್ತಿರ ಇದರ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ದೊಡ್ಡ ವಿಮಾನದ ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಲವು ಸೆಂಟಿಮೀಟರುಗಳು. ವಿಮಾನದ ಗಾತ್ರದೊಡನೆ ಹೋಲಿಸಿದರೆ ಇದು ಏನೂ ಅಲ್ಲ. ಆದರೂ ವಿಮಾನದ ಅಳಿವು ಉಳಿವುಗಳು ಈ ಪದರವನ್ನು ಅವಲಂಬಿಸಿವೆ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವನು ಜರ್ಮನಿಯ ಲೂಡ್ವಿಗ್ ಪ್ರಾಂಡ್ಟ್ಲ್. ೧೯೦೪ ರಲ್ಲಿ ಹೈಡೆಲ್‌ಬರ್ಗ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಅವನು ಓದಿದ ಚಿಕ್ಕ ಪ್ರಬಂಧವೊಂದು ಸೀಮಾಪದರದ ಕಲ್ಪನೆಯನ್ನು ಮುಂದಿಟ್ಟಿತು. ಅವನ ವಿವರಣೆಯ ಸಾರಾಂಶವಿಷ್ಟು: ರೆಕ್ಕೆಯ ಮೇಲ್ಮೈಯಲ್ಲಿ, ಮುಂದಿನ ಅಂಚಿನ ಬಳಿ ಗಾಳಿಯ ಒತ್ತಡವು ಬಹಳ ಕಡಿಮೆಯಾಗಿರುತ್ತದೆ, ಅಲ್ಲಿಂದ ಹಿಂದಕ್ಕೆ ಸಾಗಿದಂತೆ ಒತ್ತಡವು ಏರುತ್ತದೆ. ಎಂದರೆ ಹಿಂದಕ್ಕೆ ಹರಿಯುವ ಗಾಳಿಯು ಒಂದು ಬಗೆಯ ಏರನ್ನು ಹತ್ತಬೇಕು. ಬೈಸಿಕಲ್ ಸವಾರನೊಬ್ಬನು ವೇಗವಾಗಿ ಬಂದರೆ ಪೆಡಲು ತುಳಿಯದೆಯೇ ದಿಣ್ಣೆಯನ್ನು ದಾಟಿಬಿಡುತ್ತಾನೆ. ನಿಧಾನವಾಗಿ ಬಂದವನು ನಡುವೆಯೇ ನಿಂತು ಹಿಂದಕ್ಕೆ ಜಾರುತ್ತಾನೆ. ಹೊರಗಿನ ವೇಗದ ಗಾಳಿ ಮೊದಲನೆಯ ಸವಾರನಂತೆ. ಸೀಮಾಪದರದ ತಳದಲ್ಲಿ ಸೋತು ಬರುವ ಗಾಳಿ ಎರಡನೆಯವನಂತೆ. ಅದು ನಡುವೆ ನಿಂತು, ಹಿಂದಕ್ಕೆ ತಿರುಗಿ, ಸುಳಿಗಳಾಗಿ ಎದ್ದಾಗ ಇಡೀ ಪ್ರವಾಹವು ರೆಕ್ಕೆಯಿಂದ ಕಳಚಿಕೊಳ್ಳುತ್ತದೆ. ಆಗ ಎತ್ತುವ ಬಲವು ಕುಸಿಯುತ್ತದೆ, ಹಿಂದಕ್ಕೆಳೆಯುವ ಬಲವು ಹೆಚ್ಚುತ್ತದೆ. ವೈಮಾನಿಕರು ಅಂಜುವ ‘ಸ್ಟಾಲ್’ ಸ್ಥಿತಿ ಇದೇ.

ನೆಲಕ್ಕಿಳಿಯುವಾಗ ಈ ಅಪಾಯವು ಅತಿ ಸಮೀಪಕ್ಕೆ ಬರುತ್ತದೆ. ಎತ್ತುವ ಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ, ವೇಗವನ್ನು ತಗ್ಗಿಸಿದಾಗ ರೆಕ್ಕೆಯನ್ನು ಹೆಚ್ಚು ಓರೆಯಾಗಿ ಹಿಡಿಯಬೇಕು, ಫ್ಲಾಪುಗಳನ್ನು ಕೆಳಕ್ಕೆ ಬಾಗಿಸಬೇಕು. ಬಾಗಿಸಿದಷ್ಟೂ ಗಾಳಿಯು ಹತ್ತಬೇಕಾದ ಏರು ಕಡಿದಾಗುತ್ತದೆ, ಪ್ರವಾಹವು ಕಳಚಿಕೊಳ್ಳುವ ಸಂಭವವು ಹೆಚ್ಚುತ್ತದೆ. ಪ್ರವಾಹವು ಕಳಚದಂತೆ ನೋಡಿಕೊಂಡರೆ ಇನ್ನೂ ನಿಧಾನವಾಗಿ ಇಳಿಯಬಹುದು. ಗಂಟೆಗೆ ೩೦೦ ಕಿಲೋಮೀಟರಿನ ಬದಲು ೨೪೦ ರಲ್ಲಿ ಇಳಿದರೆ, ಬ್ರೇಕುಗಳು ನುಂಗಬೇಕಾದ ಶಕ್ತಿಯು ಶೇಕಡಾ ೩೬ ರಷ್ಟು ಕಡಿಮೆಯಾಗುತ್ತದೆ. ಓಡುದಾರಿಯ ಕೊನೆಯಲ್ಲಿ ನಿಲ್ಲುವುದಕ್ಕೂ, ಅದನ್ನು ಮೀರಿ ಹೋಗುವುದಕ್ಕೂ ಇರುವ ಅಂತರವು ಎಷ್ಟೋ ವೇಳೆ ಇದಕ್ಕಿಂತ ಹೆಚ್ಚಿನದಲ್ಲ.

ಊದಿ ಉಳಿಸುವ ಉಪಾಯ

ಸೋತ ಗಾಳಿಯನ್ನು ಉದ್ಧರಿಸಲು ಎರಡು ಮಾರ್ಗಗಳುಂಟು: ಅದನ್ನು ಹೀರಿ ತೆಗೆದುಬಿಡುವುದು ಒಂದು, ಅದಕ್ಕೆ ಹೊಸ ವೇಗವನ್ನು ಊಡುವುದು ಇನ್ನೊಂದು. ಮೊದಲನೆಯದನ್ನು ಪ್ರಾಂಡ್ಟ್ಲ್‌ನೇ ತನ್ನ ೧೯೦೪ ರ ಪ್ರಬಂಧದಲ್ಲಿ ತೋರಿಸಿದ್ದನು. ಉರುಳೆಯೊಂದರ ಒಂದು ಪಕ್ಕದಲ್ಲಿ ಸೀಳುಗಂಡಿಯನ್ನು ಮಾಡಿ ಅದರ ಮೂಲಕ ದ್ರವವನ್ನು ಒಳಕ್ಕೆ ಹೀರಿದಾಗ, ಆ ಪಕ್ಕದಲ್ಲಿ ಪ್ರವಾಹವು ಕಳಚಿಕೊಳ್ಳದೆ ಉರುಳೆಯ ಹಿಂಬದಿಯವರೆಗೂ ಅಂಟಿಕೊಂಡು ಹರಿಯಿತು.

ಎರಡನೆಯ ಮಾರ್ಗವು ಜೆಟ್ ಎಂಜಿನು ಬಂದ ಮೇಲೆ ಸುಲಭವಾಯಿತು. ಜೆಟ್ ಎಂಜಿನಿನ ಮುಂಭಾಗದಲ್ಲಿರುವ ಕಂಪ್ರೆಸರು ಗಾಳಿಯನ್ನು ಅದುಮಿ ಕೊಡುತ್ತದೆ. ಬೈಸಿಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡವು ಬಿಸಿಯಾಗುವುದನ್ನು ನೀವೆಲ್ಲರೂ ಮುಟ್ಟಿ ನೋಡಿರಬಹುದು. ಅದೇ ರೀತಿಯಲ್ಲಿ, ೧೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ಎಂಟು ಪಟ್ಟು ಒತ್ತಡಕ್ಕೆ ಅದುಮಿದಾಗ, ಏನೂ ನಷ್ಟವಿಲ್ಲದ ಆದರ್ಶ ಕಂಪ್ರೆಸರಿನಲ್ಲಿಯೂ ಅದರ ಉಷ್ಣತೆಯು ಸುಮಾರು ೨೫೦ ಡಿಗ್ರಿಗೆ ಏರುತ್ತದೆ. ನಿಜವಾದ ಕಂಪ್ರೆಸರಿನಲ್ಲಿ ಇನ್ನೂ ಹೆಚ್ಚು. ಈ ಬಿಸಿಗಾಳಿಯಲ್ಲಿ ಒಂದಂಶವನ್ನು ಕವಲೊಡೆಸಿ, ಕೊಳವೆಗಳ ಮೂಲಕ ರೆಕ್ಕೆಗೆ ಒಯ್ದು, ಫ್ಲಾಪಿನ ಮುಂದಿರುವ ಕಿರಿದಾದ ಸೀಳುಗಂಡಿಯಿಂದ ಅದರ ಬೆನ್ನಿನ ಮೇಲೆ ಚಿಮ್ಮಿಸಿದರೆ, ಸೋತ ಗಾಳಿಗೆ ಹೊಸ ವೇಗವು ದೊರಕುತ್ತದೆ. ಹೀಗೆ ಚಿಮ್ಮಿದ ಗಾಳಿಯು ಬಾಗಿದ ಮೈಯನ್ನು ಬಿಟ್ಟು ನೇರವಾಗಿ ಹೋಗಿಬಿಡುವುದಿಲ್ಲವೆ ಎಂದು ಕೇಳಬಹುದು. ನಲ್ಲಿಯಿಂದ ಸಣ್ಣಗೆ ಸುರಿಯುವ ನೀರಿಗೆ ಚಮಚದ ಉಬ್ಬಿದ ಬೆನ್ನನ್ನು ತಾಗಿಸಿ ನೋಡಿರಿ: ನೀರು ಚಮಚವನ್ನು ಅಪ್ಪಿಕೊಂಡು ಪಕ್ಕಕ್ಕೆ ತಿರುಗುತ್ತದೆ. ಗಾಳಿಯ ಚಿಲುಮೆಯೂ ಹಾಗೆಯೇ ಫ್ಲಾಪನ್ನು ಅಪ್ಪಿ ಕೆಳಕ್ಕೆ ಬಾಗುತ್ತದೆ, ತನ್ನೊಡನೆ ಮೇಲಿನ ಪ್ರವಾಹವನ್ನೂ ಎಳೆದುಕೊಂಡು ಬರುತ್ತದೆ.

೧೯೫೪ ರಲ್ಲಿ ಮೊದಲು ಹಾರಿದ ಅಮೆರಿಕದ ಎಫ್-೧೦೪ ಸ್ಟಾರ್‌ಫೈಟರ್ ವಿಮಾನವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಶಬ್ದದ ಎರಡರಷ್ಟು ವೇಗಕ್ಕಾಗಿ ಅದರ ರೆಕ್ಕೆಗಳನ್ನು ಬಹು ಮೊಟಕಾಗಿಯೂ ತೆಳುವಾಗಿಯೂ ಮಾಡಿದ್ದರು. ದಪ್ಪವು ರೆಕ್ಕೆಯ ಅಗಲದ ಶೇಕಡಾ ೩.೩೬ ರಷ್ಟು ಮಾತ್ರ. ಮುಂದಿನ ಅಂಚು ಎಷ್ಟು ಹರಿತವಾಗಿದ್ದಿತೆಂದರೆ, ನೆಲದ ಮೇಲೆ ಕೆಲಸ ಮಾಡುವವರಿಗೆ ಗಾಯವಾಗದಂತೆ ಅದಕ್ಕೆ ಹೊದಿಕೆ ಹಾಕುತ್ತಿದ್ದರು. ಇಂಥ ರೆಕ್ಕೆಯನ್ನು ನಿಧಾನವಾಗಿ ಇಳಿಸುವುದು ಕಷ್ಟ. ಆದ್ದರಿಂದ ಅದರ ಎಂಜಿನಿನ ೧೭ ಹಂತಗಳ ಕಂಪ್ರೆಸರಿನಿಂದ ಬಿಸಿಗಾಳಿಯನ್ನು ತಂದು, ಇಳಿಯುವ ಸಮಯದಲ್ಲಿ ಫ್ಲಾಪುಗಳ ಮೇಲೆ ಊದುತ್ತಿದ್ದರು. ೧೯೫೮ ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಬಕನೀರ್ ವಿಮಾನವು ಹಡಗಿನ ಮೇಲಿನ ಕಿರಿದಾದ ಅಟ್ಟದಲ್ಲಿ ಇಳಿಯಬೇಕಾಗಿದ್ದುದರಿಂದ, ಅದರಲ್ಲಿ ಫ್ಲಾಪುಗಳ ಮೇಲಷ್ಟೇ ಅಲ್ಲದೆ ರೆಕ್ಕೆಯ ಮುಂದಿನ ಅಂಚಿನಲ್ಲಿಯೂ ಬಾಲದ ರೆಕ್ಕೆಯಲ್ಲಿಯೂ ಊದುವ ಏರ್ಪಾಟಿದ್ದಿತು. ಅದೇ ಬಿಸಿಗಾಳಿಯು ಅಂಚುಗಳಲ್ಲಿ ಹಿಮ ಕಟ್ಟದಂತೆಯೂ ಕಾಯುತ್ತಿದ್ದಿತು. ನಮ್ಮ ನಾಸಿಕದಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಕಟ್ಟಿದ ಮಿಗ್-೨೧ ಬಿಸ್ ವಿಮಾನಗಳಲ್ಲಿಯೂ ಇಂಥ ಊದು-ಫ್ಲಾಪುಗಳಿದ್ದವು. ಮಿಗ್-೨೧ ಗಳು ಭಾರತೀಯ ವಾಯುಪಡೆಯಿಂದ ೨೦೨೫ ರ ಸೆಪ್ಟೆಂಬರಿನಲ್ಲಿ ನಿವೃತ್ತವಾದವು.

ಬಿಸಿಯಾಗಿರುವುದರಿಂದ ಬರುವ ಲಾಭ

ಊದುವ ಗಾಳಿಯು ಬಿಸಿಯಾಗಿರುವುದು ಕೇವಲ ಆಕಸ್ಮಿಕವೆ, ಅಥವಾ ಬಿಸಿಯಿಂದಲೇ ಏನಾದರೂ ಪ್ರಯೋಜನವುಂಟೆ? ಕಾಲೇಜಿನಲ್ಲಿ ಕಲಿತ ಅನಿಲ ನಿಯಮಗಳಿಂದಲೇ ಇದಕ್ಕೆ ಉತ್ತರವನ್ನು ಪಡೆಯಬಹುದು.

ಒಂದೇ ಸೀಳುಗಂಡಿಯಿಂದ, ಒಂದೇ ಒತ್ತಡದಲ್ಲಿ, ಒಮ್ಮೆ ೧೫ ಡಿಗ್ರಿಯ ಗಾಳಿಯನ್ನೂ ಇನ್ನೊಮ್ಮೆ ೩೦೦ ಡಿಗ್ರಿಯ ಗಾಳಿಯನ್ನೂ ಚಿಮ್ಮಿಸುತ್ತೇವೆಂದು ಇಟ್ಟುಕೊಳ್ಳೋಣ. ನಿರಪೇಕ್ಷ ಮಾನದಲ್ಲಿ ಇವು ೨೮೮ ಮತ್ತು ೫೭೩ ಡಿಗ್ರಿಗಳು. ಎಂದರೆ ಎರಡನೆಯದು ಮೊದಲನೆಯದರ ಸುಮಾರು ಇಮ್ಮಡಿ. ಒತ್ತಡವು ಒಂದೇ ಆಗಿರುವಾಗ ಸಾಂದ್ರತೆಯು ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುವುದರಿಂದ ಬಿಸಿಗಾಳಿಯ ಸಾಂದ್ರತೆಯು ಅರ್ಧವಾಗುತ್ತದೆ. ಇನ್ನು ವೇಗ. ಒತ್ತಡವು ಸಾಕಷ್ಟಿದ್ದಾಗ ಸರಳವಾದ ಗಂಡಿಯ ಬಾಯಿಯಲ್ಲಿ ಗಾಳಿಯು ಅಲ್ಲಿನ ಶಬ್ದವೇಗವನ್ನು ಮುಟ್ಟುತ್ತದೆ, ಅದನ್ನು ಮೀರುವುದಿಲ್ಲ. ಶಬ್ದವೇಗವು ನಿರಪೇಕ್ಷ ಉಷ್ಣತೆಯ ವರ್ಗಮೂಲವನ್ನು ಅನುಸರಿಸುತ್ತದೆ: ೧೫ ಡಿಗ್ರಿಯಲ್ಲಿ ಸೆಕೆಂಡಿಗೆ ೩೪೦ ಮೀಟರು, ೩೦೦ ಡಿಗ್ರಿಯಲ್ಲಿ ಸುಮಾರು ೪೮೦ ಮೀಟರು. ಹೊರಬೀಳುವಾಗ ಗಾಳಿಯು ಸ್ವಲ್ಪ ತಣ್ಣಗಾಗುವುದು ನಿಜ. ಆದರೆ ಎರಡರ ಪ್ರಮಾಣವು ಬದಲಾಗುವುದಿಲ್ಲ. ಬಿಸಿಗಾಳಿಯ ವೇಗವು ಇನ್ನೊಂದರ ೧.೪೧ ರಷ್ಟು.

ಈಗ ಲೆಕ್ಕ ಹಾಕಿರಿ. ಸೆಕೆಂಡಿಗೆ ಹೊರಬೀಳುವ ಗಾಳಿಯ ತೂಕವು ಸಾಂದ್ರತೆ ಮತ್ತು ವೇಗಗಳ ಗುಣಲಬ್ಧಕ್ಕೆ ಸಮಾನುಪಾತದಲ್ಲಿದೆ, ಅರ್ಧವನ್ನು ೧.೪೧ ರಿಂದ ಗುಣಿಸಿದರೆ ೦.೭೧. ಸೋತ ಗಾಳಿಯನ್ನು ಮುಂದೂಡುವುದಕ್ಕೆ ಬೇಕಾದುದು ಸಂವೇಗ. ಅದು ತೂಕವನ್ನು ಮತ್ತೆ ವೇಗದಿಂದ ಗುಣಿಸಿದಷ್ಟು. ೦.೭೧ ನ್ನು ೧.೪೧ ರಿಂದ ಗುಣಿಸಿದರೆ ಬರುವುದು ಒಂದು! ಎಂದರೆ ಬಿಸಿಗಾಳಿಯು ನೂರು ಪಾಲಿನ ಬದಲು ಎಪ್ಪತ್ತೊಂದು ಪಾಲು ತೂಕದಲ್ಲಿಯೇ ಅಷ್ಟೇ ನೂಕುಬಲವನ್ನು ಕೊಡುತ್ತದೆ. ಎಂಜಿನಿನಿಂದ ಕದಿಯುವ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂಬತ್ತು ಉಳಿತಾಯವಾಯಿತು. ಪ್ರತಿಯೊಂದು ಕಿಲೋಗ್ರಾಂ ಗಾಳಿಗೂ ಲೆಕ್ಕವಿಡುವ ವಿಮಾನದಲ್ಲಿ ಇದು ಅಲ್ಪವಾದ ಲಾಭವಲ್ಲ.

ಆದರೆ ಪ್ರಕೃತಿಯು ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ಅದೇ ನೂಕುಬಲಕ್ಕೆ ಬಿಸಿಗಾಳಿಯಲ್ಲಿ ವೆಚ್ಚವಾಗುವ ಶಕ್ತಿಯು ೧.೪೧ ರಷ್ಟಾಗುತ್ತದೆ. ಗಾಳಿಯನ್ನು ಉಳಿಸಿದೆವು, ಶಕ್ತಿಯನ್ನು ತೆತ್ತೆವು. ಆ ಶಾಖವು ಅದುಮುವ ಕೆಲಸದಿಂದಲೇ ತಾನಾಗಿ ಬಂದುದಾದರೆ ವ್ಯಾಪಾರವು ಲಾಭದ್ದು. ಬೇರೆಯಾಗಿ ಇಂಧನವನ್ನು ಉರಿಸಿ ಕಾಯಿಸಬೇಕಾದರೆ ಎರಡು ಬಾರಿ ಯೋಚಿಸಬೇಕಾಗುತ್ತದೆ.

ಕೊಳವೆಗಳ ಭಾರ

ಇದಕ್ಕೂ ಮಿಗಿಲಾದ ತೊಡಕುಗಳಿವೆ. ೩೦೦ ಡಿಗ್ರಿಯ ಗಾಳಿಯನ್ನು ಅಲ್ಯೂಮಿನಿಯಮ್ ಕೊಳವೆಯಲ್ಲಿ ಒಯ್ಯುವಂತಿಲ್ಲ. ಆ ಶಾಖದಲ್ಲಿ ಅದು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಉಕ್ಕು ಅಥವಾ ಟೈಟೇನಿಯಮ್ ಕೊಳವೆಗಳೇ ಬೇಕು. ಅವುಗಳ ಮೇಲೆ ಶಾಖ ತಡೆಯುವ ಹೊದಿಕೆ ಬೇಕು. ಕಾದು ಹಿಗ್ಗಿದಾಗ ಮುರಿಯದಂತೆ ಮಡಿಕೆಯ ಕೀಲುಗಳು ಬೇಕು. ಇವೆಲ್ಲದರ ತೂಕವು ಸೇರಿ ಉಳಿತಾಯದ ಒಂದಂಶವನ್ನು ನುಂಗಿಬಿಡುತ್ತದೆ. ಎಂಜಿನು ನಿಂತರೆ ಊದುವುದೂ ನಿಲ್ಲುತ್ತದೆ. ನೆಲಕ್ಕೆ ಹತ್ತಿರವಾಗಿ ನಿಧಾನವಾಗಿ ಹಾರುತ್ತಿರುವಾಗಲೇ ರೆಕ್ಕೆಯ ಆಸರೆಯು ತಪ್ಪುತ್ತದೆ. ಒಂದು ಪಕ್ಕದ ಕೊಳವೆ ಮಾತ್ರ ಕೆಟ್ಟರಂತೂ ವಿಮಾನವು ಆ ಪಕ್ಕಕ್ಕೆ ಹೊರಳಿಕೊಳ್ಳುತ್ತದೆ. ಆದುದರಿಂದ ಇಂಥ ವಿಮಾನಗಳ ಚಾಲಕರು ಇಳಿಯುವಾಗಲೂ ಎಂಜಿನಿನ ವೇಗವನ್ನು ತಗ್ಗಿಸದೆ ಕಾಪಾಡಿಕೊಂಡು ಬರಬೇಕಾಗುತ್ತಿದ್ದಿತು.

ಜಪಾನಿನ ಹಾರುದೋಣಿಗಳು ಈ ತೊಡಕನ್ನು ಇನ್ನೊಂದು ಬಗೆಯಲ್ಲಿ ಪರಿಹರಿಸಿಕೊಂಡವು. ೧೯೬೭ ರಲ್ಲಿ ಮೊದಲು ಹಾರಿದ ಪಿಎಸ್-೧, ಅದರಿಂದ ಬೆಳೆದು ಬಂದ ಇಂದಿನ ಯುಎಸ್-೨, ಇವುಗಳಲ್ಲಿ ವಿಮಾನವನ್ನು ನಡೆಸುವ ನಾಲ್ಕು ಎಂಜಿನುಗಳಲ್ಲದೆ, ಗಾಳಿಯನ್ನು ಊದುವುದಕ್ಕೆಂದೇ ಐದನೆಯ ಎಂಜಿನೊಂದಿದೆ. ಇದರ ಬಲದಿಂದ ಯುಎಸ್-೨ ಮೂರು ಮೀಟರು ಎತ್ತರದ ಅಲೆಗಳಿರುವ ಕಡಲಿನ ಮೇಲೆಯೂ ಸುಮಾರು ೩೦೦ ಮೀಟರುಗಳ ದೂರದಲ್ಲಿ ಇಳಿದು ನಿಲ್ಲಬಲ್ಲುದು. ೨೦೧೩ ರ ಜೂನಿನಲ್ಲಿ ಶಾಂತಸಾಗರದ ನಡುವೆ ದೋಣಿಯನ್ನು ಕಳೆದುಕೊಂಡು ತೆಪ್ಪದಲ್ಲಿ ತೇಲುತ್ತಿದ್ದ ಇಬ್ಬರನ್ನು ಇಂಥದೊಂದು ವಿಮಾನವು ಇಳಿದು ಎತ್ತಿಕೊಂಡು ಬಂದಿತು. ಸೀಮಾಪದರದ ಶಾಸ್ತ್ರವು ಆ ಇಬ್ಬರ ಪಾಲಿಗೆ ಬರಿಯ ಶಾಸ್ತ್ರವಾಗಿ ಉಳಿಯಲಿಲ್ಲ.

ಪ್ರಯಾಣಿಕ ವಿಮಾನಗಳಿಗೂ ಈ ವಿಷಯದಲ್ಲಿ ಆಸಕ್ತಿಯುಂಟು. ಒಂದು ಪಕ್ಕದ ಎಂಜಿನು ಮೇಲೇರುವಾಗಲೇ ಕೆಟ್ಟರೆ ವಿಮಾನವು ಅಡ್ಡ ತಿರುಗದಂತೆ ಹಿಡಿಯುವುದು ಬಾಲದ ನಿಲುರೆಕ್ಕೆ. ಅಪರೂಪವಾದ ಆ ಒಂದು ಗಳಿಗೆಗಾಗಿ ಅದನ್ನು ದೊಡ್ಡದಾಗಿ ಮಾಡಿ, ಉಳಿದ ಹಾರಾಟಗಳಲ್ಲೆಲ್ಲ ಆ ಭಾರವನ್ನು ಸುಮ್ಮನೆ ಹೊರಬೇಕಾಗಿದೆ. ಊದುವ ಗಾಳಿಯಿಂದ ಅದರ ಬಲವನ್ನು ಬೇಕಾದಾಗ ಹೆಚ್ಚಿಸಿಕೊಳ್ಳುವಂತಾದರೆ ನಿಲುರೆಕ್ಕೆಯನ್ನು ಚಿಕ್ಕದಾಗಿಸಬಹುದು. ಅಮೆರಿಕದ ನಾಸಾ ಮತ್ತು ಬೋಯಿಂಗ್ ಸಂಸ್ಥೆಗಳು ೨೦೧೩ ರಲ್ಲಿ ಬೋಯಿಂಗ್ ೭೫೭ ವಿಮಾನದ ಪೂರ್ಣಗಾತ್ರದ ನಿಲುರೆಕ್ಕೆಯನ್ನು ವಾಯುಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ಪಕ್ಕಬಲವು ಶೇಕಡಾ ೨೦ ಕ್ಕೂ ಹೆಚ್ಚಾಯಿತು. ೨೦೧೫ ರಲ್ಲಿ ೩೧ ಊದುಬಾಯಿಗಳನ್ನು ಅಳವಡಿಸಿ ವಿಮಾನವನ್ನೇ ಹಾರಿಸಿ ನೋಡಿದರು. ಗಾಳಿಯನ್ನು ಒದಗಿಸಿದುದು ಬಾಲದಲ್ಲಿರುವ ಸಹಾಯಕ ಎಂಜಿನು. ಸ್ವಾರಸ್ಯವೆಂದರೆ, ಅಲ್ಲಿ ಗಾಳಿಯ ಬಿಸಿಯೇ ತೊಂದರೆಯಾಗಿ, ಅದನ್ನು ಮೊದಲು ತಣಿಸಿ ಅನಂತರ ಊದಬೇಕಾಯಿತು.

ಕಿಡಿಯಿಂದ ಚಿಮ್ಮುವ ಗಾಳಿ

ಕೊಳವೆಯೇ ಭಾರವಾದರೆ ಕೊಳವೆಯನ್ನೇ ಬಿಟ್ಟುಬಿಡಬಾರದೇಕೆ? ಗಾಳಿಯು ರೆಕ್ಕೆಯ ಬಳಿಯಲ್ಲಿಯೇ ಧಾರಾಳವಾಗಿದೆ. ಅಲ್ಲಿಯೇ ಅದನ್ನು ಕಾಯಿಸಿ ಚಿಮ್ಮಿಸಿದರಾಗದೆ? ಈ ವಿಚಾರದಿಂದ ಹುಟ್ಟಿದುದು ‘ಸ್ಪಾರ್ಕ್‌ಜೆಟ್’ ಎಂಬ ಸಾಧನ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಇದು ರೂಪುಗೊಂಡಿತು.

ಇದರ ತತ್ತ್ವವನ್ನು ಮನೆಯಲ್ಲಿಯೇ ನೋಡಬಹುದು. ಖಾಲಿಯಾದ ಗಾಜಿನ ಸೀಸೆಯೊಂದನ್ನು ತಣ್ಣೀರಿನಲ್ಲಿಟ್ಟು ತಂಪು ಮಾಡಿ, ಅದರ ಬಾಯಿಯ ಮೇಲೆ ಒದ್ದೆ ಮಾಡಿದ ನಾಣ್ಯವನ್ನಿಡಿರಿ. ಎರಡು ಅಂಗೈಗಳಿಂದ ಸೀಸೆಯನ್ನು ಬಿಗಿಯಾಗಿ ಹಿಡಿದುಕೊಳ್ಳಿರಿ. ಸ್ವಲ್ಪ ಹೊತ್ತಿನಲ್ಲಿ ನಾಣ್ಯವು ಟಕ್ಕೆಂದು ಎದ್ದು ಬೀಳುತ್ತದೆ. ಕೈಯ ಬಿಸಿಯಿಂದ ಒಳಗಿನ ಗಾಳಿಯ ಒತ್ತಡವು ಏರಿ, ಒಂದಿಷ್ಟು ಗಾಳಿಯು ಹೊರಕ್ಕೆ ನುಗ್ಗಿತು. ಕಂಪ್ರೆಸರಿಲ್ಲ, ಕೊಳವೆಯಿಲ್ಲ, ಚಲಿಸುವ ಭಾಗವಿಲ್ಲ. ಕೇವಲ ಶಾಖವೊಂದೇ ಇಲ್ಲಿ ಕೆಲಸ ಮಾಡಿತು. ಸ್ಪಾರ್ಕ್‌ಜೆಟ್ಟಿನಲ್ಲಿ ಸೀಸೆಯ ಬದಲು ಸಣ್ಣ ಗೂಡೊಂದು, ಅಂಗೈಯ ಬದಲು ವಿದ್ಯುತ್ತಿನ ಕಿಡಿ. ಕಿಡಿಯು ಸೆಕೆಂಡಿನ ಕೆಲವು ಲಕ್ಷಾಂಶಗಳಲ್ಲಿ ಗೂಡಿನ ಗಾಳಿಯನ್ನು ಕಾಯಿಸುತ್ತದೆ, ಒತ್ತಡವೇರಿದ ಗಾಳಿಯು ಸೂಜಿಯಷ್ಟು ಸಣ್ಣ ರಂಧ್ರದಿಂದ ಚಿಮ್ಮುತ್ತದೆ, ಉಳಿದ ಗಾಳಿಯು ತಣಿದು ಒತ್ತಡವು ಇಳಿದಾಗ ಹೊರಗಿನ ಗಾಳಿಯು ಅದೇ ರಂಧ್ರದಿಂದ ಒಳಕ್ಕೆ ಬರುತ್ತದೆ, ಮತ್ತೆ ಕಿಡಿ.

ಇದಕ್ಕೆಷ್ಟು ಶಕ್ತಿ ಬೇಕು? ತೊಗರಿಕಾಳಿನಷ್ಟು, ಎಂದರೆ ಸುಮಾರು ೧೦೦ ಘನ ಮಿಲಿಮೀಟರಿನ ಗೂಡನ್ನು ತೆಗೆದುಕೊಳ್ಳೋಣ. ಸಮುದ್ರಮಟ್ಟದ ಒತ್ತಡದಲ್ಲಿ ಅದರೊಳಗಿನ ಗಾಳಿಯ ನಿರಪೇಕ್ಷ ಉಷ್ಣತೆಯನ್ನೂ, ಅದರೊಡನೆ ಒತ್ತಡವನ್ನೂ ಇಮ್ಮಡಿಸಲು ಬೇಕಾದ ಶಾಖವು ಒಂದು ಜೂಲಿನ ೪೦ ನೆಯ ಒಂದು ಪಾಲು ಮಾತ್ರ. ೫೦ ಗ್ರಾಂ ತೂಕದ ನಿಂಬೆಹಣ್ಣನ್ನು ೫ ಸೆಂಟಿಮೀಟರು ಮೇಲೆತ್ತುವಷ್ಟು ಶಕ್ತಿ. ಒಳಗಿನ ಒತ್ತಡವು ಹೊರಗಿನದರ ೧.೯ ರಷ್ಟನ್ನು ದಾಟಿದರೆ ರಂಧ್ರದಲ್ಲಿ ಗಾಳಿಯು ಶಬ್ದವೇಗವನ್ನು ಮುಟ್ಟುತ್ತದೆ. ಆದ್ದರಿಂದ ಇಷ್ಟು ಅಲ್ಪ ಶಕ್ತಿಯಿಂದಲೇ, ಆದರ್ಶ ಲೆಕ್ಕದಲ್ಲಿ, ಸೆಕೆಂಡಿಗೆ ೪೦೦ ಮೀಟರುಗಳಿಗೂ ಮೀರಿದ ವೇಗದ ಚಿಲುಮೆಯು ಕ್ಷಣಕಾಲ ದೊರಕುತ್ತದೆ. ಸೆಕೆಂಡಿಗೆ ಸಾವಿರ ಬಾರಿ ಕಿಡಿ ಹಾರಿಸಿದರೂ ೨೫ ವಾಟ್ ಸಾಕು.

ಲೆಕ್ಕದಲ್ಲಿ ಇಷ್ಟು ಸುಲಭವಾಗಿರುವುದು ರೆಕ್ಕೆಯ ಮೇಲೆ ಅಷ್ಟು ಸುಲಭವಾಗಿಲ್ಲ. ಕಿಡಿಗೆ ಕೊಟ್ಟ ವಿದ್ಯುತ್ತಿನಲ್ಲಿ ಒಂದಂಶ ಮಾತ್ರ ಗಾಳಿಗೆ ಸೇರುತ್ತದೆ. ಉಳಿದುದು ತಂತಿ, ವಿದ್ಯುದ್ವಾರ ಮತ್ತು ಗೂಡಿನ ಗೋಡೆಗಳ ಪಾಲಾಗುತ್ತದೆ. ಗೂಡು ತಣಿದು ಮತ್ತೆ ತುಂಬಿಕೊಳ್ಳಲು ಕಾಲ ಬೇಕು. ಅವಸರಪಡಿಸಿದರೆ ಒಳಗೆ ಬಿಸಿಯಾದ ತೆಳುಗಾಳಿಯೇ ಉಳಿದು ಚಿಲುಮೆಯು ಬಲಗುಂದುತ್ತದೆ. ಹತ್ತು ಕಿಲೋಮೀಟರು ಎತ್ತರದಲ್ಲಿ ಗಾಳಿಯ ಸಾಂದ್ರತೆಯು ನೆಲಮಟ್ಟದ ಸುಮಾರು ಮೂರನೆಯ ಒಂದು ಪಾಲಾದ್ದರಿಂದ, ಗೂಡಿನಲ್ಲಿ ಸಿಗುವ ಗಾಳಿಯೂ ಅಷ್ಟೇ. ವಿದ್ಯುದ್ವಾರಗಳು ಸವೆಯುತ್ತವೆ, ಕಿಡಿಗಳು ರೇಡಿಯೋ ಉಪಕರಣಗಳಲ್ಲಿ ಗದ್ದಲವೆಬ್ಬಿಸುತ್ತವೆ. ಸಾಧನವು ಹಗುರವಾದರೂ ಅದಕ್ಕೆ ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯು ಹಗುರವಲ್ಲ. ಆದುದರಿಂದಲೇ ಇದು ಇಂದಿಗೂ ಬಹುಮಟ್ಟಿಗೆ ಪ್ರಯೋಗಶಾಲೆಯ ವಸ್ತುವಾಗಿದೆ.

ಎಲ್ಲಿ, ಯಾವಾಗ?

ಹಾಗಾದರೆ ಗೂಡು, ರಂಧ್ರಗಳ ಗೊಡವೆಯೇ ಬೇಡ, ರೆಕ್ಕೆಯ ಮೈಯನ್ನೇ ಕಾಯಿಸಿಬಿಡೋಣವೆಂದು ಯಾರಾದರೂ ಸೂಚಿಸಬಹುದು. ಇಲ್ಲಿ ಎಚ್ಚರ ಬೇಕು. ಮೈ ಬಿಸಿಯಾದರೆ ಅದಕ್ಕೆ ಅಂಟಿದ ಗಾಳಿಯು ತೆಳುವಾಗುತ್ತದೆ. ಜೊತೆಗೆ ಅದರ ಸ್ನಿಗ್ಧತೆಯೂ ಹೆಚ್ಚುತ್ತದೆ. ಕಾಸಿದರೆ ಎಣ್ಣೆಯಾಗಲಿ ನೀರಾಗಲಿ ಸರಾಗವಾಗಿ ಹರಿಯುತ್ತದೆ. ಗಾಳಿಯ ಸ್ವಭಾವವು ಇದಕ್ಕೆ ವಿರುದ್ಧ. ೧೫ ಡಿಗ್ರಿಗೆ ಹೋಲಿಸಿದರೆ ೩೦೦ ಡಿಗ್ರಿಯಲ್ಲಿ ಅದರ ಸ್ನಿಗ್ಧತೆಯು ಸುಮಾರು ೧.೬ ರಷ್ಟು. ಮೊದಲೇ ಸೋತಿರುವ ಗಾಳಿಯು ಇನ್ನಷ್ಟು ಸಂವೇಗವನ್ನು ಕಳೆದುಕೊಂಡು ಬೇಗನೆ ಕಳಚಿಕೊಳ್ಳುತ್ತದೆ. ಪದರುಪದರಾಗಿ ನುಣುಪಾಗಿ ಹರಿಯುತ್ತಿದ್ದ ಪ್ರವಾಹವು ಬೇಗನೆ ಕದಡುತ್ತದೆ. ರೆಕ್ಕೆಯ ಮೈಯನ್ನು ತಣಿಸಿದರೆ ನುಣುಪು ಹೆಚ್ಚು ದೂರ ಉಳಿಯುತ್ತದೆ. ನೀರಿನಲ್ಲಿ ಇದೆಲ್ಲವೂ ತಲೆಕೆಳಗು: ಅಲ್ಲಿ ಮೈಯನ್ನು ಕಾಯಿಸುವುದೇ ನುಣುಪಿಗೆ ಹಿತ.

ಆದರೆ ಕದಡುವುದು ಯಾವಾಗಲೂ ಕೆಡುಕಲ್ಲ. ಕದಡಿದ ಸೀಮಾಪದರದಲ್ಲಿ ಹೊರಗಿನ ವೇಗದ ಗಾಳಿಯು ಒಳಕ್ಕೆ ಬೆರೆಯುವುದರಿಂದ ಅದು ಏರನ್ನು ಹೆಚ್ಚು ದೂರ ಹತ್ತಬಲ್ಲುದು. ಕ್ರಿಕೆ‌ಟ್ ಚೆಂಡಿನ ಹೊಲಿಗೆಯ ಪಕ್ಕದಲ್ಲಿ ಗಾಳಿಯು ಕದಡಿ ಹೆಚ್ಚು ಹೊತ್ತು ಅಂಟಿಕೊಳ್ಳುವುದರಿಂದಲೇ ವೇಗದ ಬೌಲರನ ಚೆಂಡು ಪಕ್ಕಕ್ಕೆ ಬಾಗುವುದು. ಎಲ್ಲಿ ನುಣುಪು ಬೇಕು, ಎಲ್ಲಿ ಕದಡಬೇಕು ಎಂಬ ವಿವೇಚನೆಯೇ ಇಲ್ಲಿ ಮುಖ್ಯ.

ಕಾಲದ ವಿವೇಚನೆಯೂ ಅಷ್ಟೇ ಮುಖ್ಯ. ತೂಗುಯ್ಯಾಲೆಯನ್ನು ತಕ್ಕ ಗಳಿಗೆಯಲ್ಲಿ ತಟ್ಟಿದರೆ ಮಗುವಿನ ಕೈಯೂ ಸಾಕು. ಅಮೆರಿಕದ ಲೀಪ್‌ಮನ್ ಮತ್ತು ಸಂಗಡಿಗರು ೧೯೮೨ ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನೀರಿನ ಪ್ರವಾಹದಲ್ಲಿಟ್ಟ ಚಪ್ಪಟೆ ಹಲಗೆಗೆ ತೆಳುವಾದ ಕಾಯುವ ಪಟ್ಟಿಗಳನ್ನು ಅಂಟಿಸಿದ್ದರು. ಒಂದು ಪಟ್ಟಿಯ ಮಿಡಿಯುವ ಶಾಖದಿಂದ ಸೀಮಾಪದರದಲ್ಲಿ ಅಲೆಯೆದ್ದಿತು. ಮುಂದಿನ ಪಟ್ಟಿಯನ್ನು ಅದಕ್ಕೆ ವಿರುದ್ಧವಾದ ತಾಳದಲ್ಲಿ ಕಾಯಿಸಿದಾಗ ಆ ಅಲೆಯು ಅಡಗಿತು. ಅತ್ಯಲ್ಪ ಶಾಖವು ಪ್ರವಾಹದ ಸ್ವಭಾವವನ್ನೇ ಬದಲಿಸಿದ್ದಿತು. ೨೦೦೯ ರಲ್ಲಿ ರಷ್ಯಾದ ಸಂಶೋಧಕರು ರೆಕ್ಕೆಯ ಮುಂದಿನ ಅಂಚಿನಲ್ಲಿ ಸೆಕೆಂಡಿನ ನೂರು ಕೋಟಿಯ ಕೆಲವು ಪಾಲುಗಳಷ್ಟು ಕಿರಿದಾದ ವಿದ್ಯುತ್ ಮಿಡಿತಗಳಿಂದ ಗಾಳಿಯನ್ನು ಥಟ್ಟನೆ ಕಾಯಿಸಿ, ಕಳಚಿಕೊಂಡ ಪ್ರವಾಹವು ಮತ್ತೆ ರೆಕ್ಕೆಗೆ ಅಂಟಿಕೊಳ್ಳುವಂತೆ ಮಾಡಬಹುದೆಂದು ತೋರಿಸಿದರು. ಇಲ್ಲಿ ಶಾಖವು ಗಾಳಿಯನ್ನು ನೂಕುವುದಿಲ್ಲ. ತಕ್ಕ ಗಳಿಗೆಯಲ್ಲಿ ತಟ್ಟುತ್ತದೆ, ಅಷ್ಟೆ. ಉಳಿದ ಕೆಲಸವನ್ನು ಪ್ರವಾಹವು ತನ್ನ ಶಕ್ತಿಯಿಂದಲೇ ಮಾಡಿಕೊಳ್ಳುತ್ತದೆ.

ಶಬ್ದವನ್ನು ಮೀರಿದ ಮೇಲೆ

ಶಬ್ದಕ್ಕಿಂತ ವೇಗವಾಗಿ ಚಲಿಸುವ ವಸ್ತುವಿನ ಮುಂದೆ ಗಾಳಿಯು ಸರಿದು ದಾರಿ ಕೊಡಲು ಸಮಯವಿಲ್ಲದೆ ಗುಂಪುಗೂಡಿ, ಆಘಾತ ತರಂಗವೆಂಬ ಒತ್ತಡದ ಗೋಡೆಯು ಏಳುತ್ತದೆ. ಅದನ್ನು ತಳ್ಳಿಕೊಂಡು ಹೋಗುವುದಕ್ಕೆ ಅಪಾರ ಶಕ್ತಿ ಬೇಕು. ಮುಂದಿನ ಗಾಳಿಯನ್ನು ಮೊದಲೇ ಕಾಯಿಸಿದರೆ? ಶಬ್ದದ ಮೂರರಷ್ಟು ವೇಗದ ವಸ್ತುವಿನ ದಾರಿಯಲ್ಲಿ ಗಾಳಿಯ ನಿರಪೇಕ್ಷ ಉಷ್ಣತೆಯನ್ನು ನಾಲ್ಕು ಪಟ್ಟು ಮಾಡಿದೆವೆನ್ನೋಣ. ಅಲ್ಲಿ ಶಬ್ದವೇಗವು ಇಮ್ಮಡಿಯಾಗಿ, ವಸ್ತುವು ಅಲ್ಲಿನ ಶಬ್ದದ ಒಂದೂವರೆಯಷ್ಟು ವೇಗದಲ್ಲಿ ಮಾತ್ರ ಚಲಿಸಿದಂತಾಗುತ್ತದೆ. ಸಾಂದ್ರತೆಯೂ ಕಾಲುಭಾಗಕ್ಕೆ ಇಳಿಯುತ್ತದೆ. ಇಡೀ ದಾರಿಯನ್ನು ಕಾಯಿಸುವುದು ಸಾಧ್ಯವಲ್ಲ. ಮೂತಿಯ ನೇರದಲ್ಲಿ ಸಣ್ಣ ಎಳೆಯೊಂದನ್ನು ಕಾಯಿಸಿದರೂ ಅದು ಅದೃಶ್ಯವಾದ ಸೂಜಿಯಂತೆ ಆಘಾತ ತರಂಗವನ್ನು ಚುಚ್ಚಿ ಸಡಿಲಿಸುತ್ತದೆ.

ಈ ದಿಕ್ಕಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಗಮನಾರ್ಹವಾದ ಕೆಲಸ ನಡೆದಿದೆ. ಜನರು ಟಾಟಾ ಇನ್ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಜೆ. ರೆಡ್ಡಿ, ಜಿ. ಜಗದೀಶ್ ಮೊದಲಾದವರು ಮೊಂಡಾದ ಶಂಕುವಿನ ಮಾದರಿಯೊಂದಕ್ಕೆ ಕ್ರೋಮಿಯಮ್ ಲೇಪ ಕೊಟ್ಟು, ಆಘಾತ ಸುರಂಗದಲ್ಲಿ ಶಬ್ದದ ಎಂಟರಷ್ಟು ವೇಗದ ಪ್ರವಾಹಕ್ಕೆ ಒಡ್ಡಿದರು. ಮೂತಿಯಲ್ಲಿ ಹುಟ್ಟಿದ ಶಾಖಕ್ಕೆ ಲೇಪದ ಕ್ರೋಮಿಯಮ್ ಆವಿಯಾಗಿ, ಗಾಳಿಯ ಆಮ್ಲಜನಕದೊಡನೆ ಕೂಡಿ, ಇನ್ನಷ್ಟು ಶಾಖವನ್ನು ಸರಿಯಾಗಿ ಬೇಕಾದ ಸ್ಥಳದಲ್ಲಿಯೇ ಬಿಡುಗಡೆ ಮಾಡಿತು. ೨೦೦೮ ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಹಿಂದಕ್ಕೆಳೆಯುವ ಬಲವು ಶೇಕಡಾ ೪೭ ರವರೆಗೆ ತಗ್ಗಿತು. ಕಾಯಿಸುವುದಕ್ಕೆ ಕೊಳವೆಯೂ ಇಲ್ಲ, ತಂತಿಯೂ ಇಲ್ಲ. ಒಂದು ತೆಳುವಾದ ಲೇಪವಷ್ಟೆ. ಆಘಾತ ಸುರಂಗದಲ್ಲಿ ಪ್ರವಾಹವು ಉಳಿಯುವುದು ಸೆಕೆಂಡಿನ ಅತ್ಯಲ್ಪ ಭಾಗ ಮಾತ್ರ ಎಂಬುದನ್ನು ಮರೆಯಬಾರದು. ಆದರೂ ದಾರಿ ಯಾವುದೆಂಬುದನ್ನು ಅದು ತೋರಿಸಿತು.

ಉಪಸಂಹಾರ

ಇದುವರೆಗೆ ನೋಡಿದುದನ್ನು ಒಟ್ಟುಗೂಡಿಸಿದರೆ, ಬಿಸಿಗಾಳಿಯು ವಿಮಾನಕ್ಕೆ ಮೂರು ಬಗೆಯಲ್ಲಿ ಸಹಾಯ ಮಾಡುತ್ತದೆಂದು ತಿಳಿಯುತ್ತದೆ: ಕಡಿಮೆ ತೂಕದಲ್ಲಿ ಅಷ್ಟೇ ಸಂವೇಗವನ್ನು ಒದಗಿಸಿ ಸೋತ ಪದರವನ್ನು ಮುಂದೂಡುವುದು; ಚಲಿಸುವ ಭಾಗಗಳಿಲ್ಲದೆಯೇ ಒತ್ತಡವನ್ನುಂಟುಮಾಡುವುದು; ತಕ್ಕ ಸ್ಥಳ ಮತ್ತು ತಕ್ಕ ಗಳಿಗೆಗಳಲ್ಲಿ ತಟ್ಟಿ ಪ್ರವಾಹದ ಸ್ವಭಾವವನ್ನೇ ತಿದ್ದುವುದು. ಮೊದಲನೆಯದು ಅರವತ್ತು ವರ್ಷಗಳಿಗೂ ಮೀರಿ ಬಳಕೆಯಲ್ಲಿದೆ. ಉಳಿದ ಎರಡು ಇನ್ನೂ ಬೆಳೆಯುತ್ತಿರುವ ವಿದ್ಯೆಗಳು. ಇವುಗಳ ಗೆಲವು ಸೋಲುಗಳನ್ನು ನಿರ್ಣಯಿಸುವುದು ತಕ್ಕಡಿ. ಒಂದು ತಟ್ಟೆಯಲ್ಲಿ ಉಳಿಸಿದ ಭಾರ, ಇನ್ನೊಂದರಲ್ಲಿ ಅದಕ್ಕಾಗಿ ಹೊತ್ತ ಕೊಳವೆ, ತಂತಿ, ಪೆಟ್ಟಿಗೆಗಳ ಭಾರ. ಇವೆಲ್ಲಕ್ಕೂ ಮಿಗಿಲಾಗಿ, ಸಾಧನವು ಕೆಟ್ಟ ಗಳಿಗೆಯಲ್ಲಿಯೂ ವಿಮಾನವು ಸುರಕ್ಷಿತವಾಗಿ ಇಳಿಯಬಲ್ಲುದೆ ಎಂಬ ಪ್ರಶ್ನೆಗೆ ಉತ್ತರವಿರಬೇಕು. ಆ ಉತ್ತರವು ದೊರೆಯುವವರೆಗೆ ಪ್ರಯಾಣಿಕರನ್ನು ಹೊತ್ತ ವಿಮಾನದಲ್ಲಿ ಇಂಥ ಸಾಧನಕ್ಕೆ ಸ್ಥಾನವಿಲ್ಲ.

ಭೌತಶಾಸ್ತ್ರದ ತರಗತಿಯಲ್ಲಿ ಒತ್ತಡ, ಘನಗಾತ್ರ, ಉಷ್ಣತೆಗಳ ಸಮೀಕರಣವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಅದು ಪರೀಕ್ಷೆಗೆ ಮಾತ್ರ ಬೇಕಾದ ವಸ್ತುವೆಂದು ತೋರುವುದುಂಟು. ಸೀಸೆಯ ಬಾಯಿಯ ಮೇಲಿನ ನಾಣ್ಯವನ್ನು ಎಬ್ಬಿಸುವುದೂ, ಕಡಲಿನ ಅಲೆಗಳ ನಡುವೆ ವಿಮಾನವನ್ನು ನಿಧಾನವಾಗಿ ಇಳಿಸುವುದೂ ಆ ಸಮೀಕರಣವೇ. ಅಂಗೈಯಲ್ಲಿ ಸೀಸೆಯನ್ನು ಹಿಡಿದು ಒಮ್ಮೆ ಪರೀಕ್ಷಿಸಿ ನೋಡಿದವರಿಗೆ ಅದು ಬಹುಕಾಲ ಮರೆಯದು.